ಹೊದಿಕೆ

ನಾನು ಗಂಗೊಳ್ಳಿಯವನು. ಮನೆ ಮುಂದೆ ಹೊಳೆ, ಹೊಳೆ ಆಚೆ ಕಡಲು. ಹೊಟ್ಟೆಪಾಡಿಗೆಂದು ಹೈದರಾಬಾದು ಸೇರಿದ ಮೇಲೆ ನನ್ನ ಪಾಲಿಗೆ ಉಳಿದ ನೀರೆಂದರೆ ಹುಸೇನ್ ಸಾಗರ. 16ನೇ ಶತಮಾನದಲ್ಲಿ, ಇಬ್ರಾಹಿಂ ಕುತುಬ್ ಶಾಹನ ಕಾಲದಲ್ಲಿ ಕಟ್ಟಿದ ಕೆರೆ ಅದು. ಅದರ ವಾಸನೆಯ ಬಗ್ಗೆ ಮಾತಾಡದಿರುವುದೇ ಒಳ್ಳೆಯದು. ಆದರೂ ಭಾನುವಾರ ಅಲ್ಲಿ ಹಾಯಿದೋಣಿಗಳು ಓಡಾಡುತ್ತವೆ. ನೋಡಿ ನೋಡಿ ತಡೆಯಲಾಗದೆ ನಾನೂ ಒಂದು ಹಳೆಯ ಎಂಟರ್‌ಪ್ರೈಸ್ ದೋಣಿ ಕೊಂಡೆ. ಮರದ್ದು, 13 ಅಡಿ ಉದ್ದ, ಇಬ್ಬರು ನಡೆಸುವಂಥದ್ದು, ನೀಲಿ ಹಾಯಿ. ಹಿಂಬದಿಯ ಹಲಗೆಯ ಮೇಲೆ ಮಗಳು 'ಗಿರಿಜಾ' ಎಂದು ಕನ್ನಡದಲ್ಲಿ ಬರೆದಳು. ತೀರಿಹೋದ ನನ್ನ ಅಮ್ಮನ ಹೆಸರು. ಕನ್ನಡ ಶಾಲೆ ಕಾಣದ ಹುಡುಗಿ. ಆ ಮೂರಕ್ಷರ ತಿದ್ದಲು ಒಂದು ವಾರ ಹಿಡಿದಿತ್ತು.

2022ರ ಏಪ್ರಿಲಿನಲ್ಲಿ ದೋಣಿಯನ್ನು ಊರಿಗೆ ಒಯ್ಯುವುದೆಂದಾಯಿತು. ಅಪ್ಪಯ್ಯ ಆ ಹೆಸರು ಓದಬೇಕು, ಅಷ್ಟೇ ಆಸೆ. ಜೀಪಿನ ಹಿಂದೆ ಟ್ರೇಲರು. ರಾಯಚೂರು, ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಾಟಿ ಇಳಿದು ಅಂಕೋಲಾ, ಅಲ್ಲಿಂದ ಕಡಲ ಬದಿಗೆ ತೆಂಕಣಕ್ಕೆ. 700 ಕಿಲೋಮೀಟರಿಗೂ ಮಿಕ್ಕಿದ ದಾರಿ. ಬಿಸಿಲು, ಧೂಳು ತಾಗಬಾರದೆಂದು, ಕೆರೆದಂಡೆಯಲ್ಲಿ ಮುಚ್ಚಿಡುತ್ತಿದ್ದ ಟಾರ್ಪಾಲನ್ನೇ ಹೊದಿಸಿ ಹಗ್ಗ ಸುತ್ತಿದೆ. ಬಹಳ ಜಾಗ್ರತೆ ಮಾಡಿದೆ ಅಂತ ನನ್ನ ಎಣಿಕೆ.

ರಾಯಚೂರು ಬರುವ ಮೊದಲೇ ಹಿಂದಿನಿಂದ ಪಟಪಟ ಸದ್ದು. "ಅಪ್ಪಾ, ನಿಲ್ಸಿ ನೋಡೋಣ" ಅಂದಳು ಮಗಳು. "ಗಾಳಿ ಅಷ್ಟೇ, ಏನಾಗಲ್ಲ" ಅಂದೆ. ಊಟಕ್ಕೆ ನಿಂತಾಗ ಲಾರಿ ಡ್ರೈವರೊಬ್ಬ ದೋಣಿಗೆ ಒಂದು ಸುತ್ತು ಬಂದು, "ಸಡ್ಲ ತಾಡಪತ್ರಿ ಹಾಕೋದಕಿಂತ ಹಾಕದಿರೋದ ಚೊಲೋರಿ" ಅಂದ. ನಕ್ಕು, ಇನ್ನೊಂದು ಹಗ್ಗ ಬಿಗಿದು ಹೊರಟೆ.

ಗಂಗೊಳ್ಳಿಯಲ್ಲಿ ಹೊದಿಕೆ ತೆಗೆದಾಗ ಎದೆ ಧಸಕ್ಕೆಂದಿತು. ಮುಂದಿನಿಂದ ಗಾಳಿ ನುಗ್ಗಿ ಟಾರ್ಪಾಲು ದಾರಿಯುದ್ದಕ್ಕೂ ಬಡಿದುಕೊಂಡಿತ್ತು. ಅದರಡಿ ಸೇರಿದ ಧೂಳು ಸ್ಯಾಂಡ್ ಪೇಪರಿನ ಹಾಗೆ ಬಣ್ಣ ಉಜ್ಜಿತ್ತು. 'ಗಿ' ಉಳಿದಿತ್ತು, ಮುಂದಿನೆರಡು ಅಕ್ಷರ ಇಲ್ಲ. ಮರ ಕಾಣುತ್ತಿತ್ತು.

ಅಪ್ಪಯ್ಯ ಹೆಬ್ಬೆರಳಲ್ಲಿ ಹಲಗೆ ಸವರಿದರು. ಬೈಯಲಿಲ್ಲ. "ದಡದ ಮೇಲ್ ನಿಂತ ದೋಣಿಗೆ ಮಡ್ಲ್ ಹೊದ್ಸಿದ್ರೂ ಸಾಕ್. ಓಡು ದೋಣಿಗೆ ಹಂಗಲ್ಲ ಮಗಾ. ಹೊದ್ಕಿ ಮೈಗೆ ಅಂಟ್ಕಂಡೇ ಇರ್ಕ್."

ಅಮ್ಮನಿಗೆ ಕೆಮ್ಮು ಬಿಡುತ್ತಿಲ್ಲವೆಂದು ಇದೇ ಅಪ್ಪಯ್ಯ ಫೋನು ಮಾಡಿದ್ದಾಗಲೂ ನಾನು "ಹವೆ ಬದಲಾದ್ದಕ್ಕೆ, ಏನಾಗಲ್ಲ" ಅಂದು ದುಡ್ಡು ಕಳಿಸಿ ಸುಮ್ಮನಾಗಿದ್ದೆ. ಆ ರಾತ್ರಿ ಅದೇ ನೆನಪಾಗಿ ನಿದ್ದೆ ಹತ್ತಲಿಲ್ಲ.

ಮರುದಿನ ದೋಣಿಯ ಅಳತೆಗೇ ದಪ್ಪ ಕ್ಯಾನ್ವಾಸು ಹೊಲಿಯಲು ಕೊಟ್ಟೆವು. ಅಂಚಿನೊಳಗೆ ಹಗ್ಗ ಸೇರಿಸಿ, ದೋಣಿಯ ಹೊಟ್ಟೆಯಡಿ ಪಟ್ಟಿ ಹಾಯಿಸಿ ಬಿಗಿಯುವ ಹಾಗೆ. ಹೊದಿಸುವ ಮೊದಲು ದೋಣಿ ತೊಳೆದು ಒಣಗಿಸಬೇಕು. ಬಟ್ಟೆ ತಾಗುವ ಮೂಲೆಗಳಿಗೆ ಹಳೆ ಟವೆಲು ಇಡಬೇಕು. ಮಳೆನೀರು ನಿಂತು ಜೋಲದಂತೆ ನಡುವೆ ಎತ್ತರ ಕೊಡಬೇಕು. ಒಳಗೆ ಸೇರಿದ ನೀರು ಇಳಿದುಹೋಗಲು ತಳದ ಬಿರಡೆ ತೆಗೆದಿಡಬೇಕು. ಹೊರಟು 20-30 ಕಿಲೋಮೀಟರಿಗೆ ಒಮ್ಮೆ ನಿಂತು ಪಟ್ಟಿಗಳನ್ನು ಮುಟ್ಟಿ ನೋಡಬೇಕು, ಆಮೇಲೆ ನಿಂತಲ್ಲೆಲ್ಲ ನೋಡಬೇಕು. ಅಷ್ಟು ಬಿಗಿ ಹೊದಿಕೆ ಇಲ್ಲದಿದ್ದರೆ ಬರಿಮೈಯಲ್ಲೇ ಒಯ್ಯುವುದು ವಾಸಿ. ಲಾರಿಯವ ಹೇಳಿದ್ದೂ ಅದನ್ನೇ.

ವಾಪಸು ಹೊರಡುವ ಹಿಂದಿನ ಸಂಜೆ ಮಗಳು ಅಂಗಳದಲ್ಲಿ ಕೂತು ಉಳಿದೆರಡು ಅಕ್ಷರ ಮತ್ತೆ ಬರೆದಳು. ಅಪ್ಪಯ್ಯ ಬಣ್ಣದ ಡಬ್ಬಿ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಬರೆದು ಮುಗಿದ ಮೇಲೆ ಒಂದೊಂದೇ ಅಕ್ಷರ ಕೂಡಿಸಿ ಓದಿದರು.

ಮರಳುವ ದಾರಿಯಲ್ಲಿ ಭಟ್ಕಳದ ಹತ್ತಿರ ಹಿಂದಿನಿಂದ ಏನೋ ಸದ್ದು ಕೇಳಿದ ಹಾಗಾಯಿತು. ಮಗಳು ಬಾಯಿ ತೆರೆಯುವ ಮೊದಲೇ ನಾನು ಜೀಪು ಬದಿಗೆ ಹಾಕಿದ್ದೆ.