ಮೊದಲ ದಿನವೇ ಕನ್ನಡ ಅಂಟಿಸಿ

ಮಾರತ್ತಹಳ್ಳಿಯ ಡಿಸೈನ್ ಕೋರ್ಸ್ ಸೆಂಟರ್‌ಗಳಲ್ಲಿ ಫಿಗ್ಮಾ ಶಾರ್ಟ್‌ಕಟ್‌ಗಳನ್ನ ಬಾಯಿಪಾಠ ಮಾಡಿಸ್ತಾರೆ. ಒಳ್ಳೇದೇ. (ಅದರಲ್ಲಿ ಉಳಿಯೋ ಸೆಕೆಂಡುಗಳನ್ನ ಅಲ್ಲಿನ ಬ್ರಿಡ್ಜ್ ಹತ್ರದ ಟ್ರಾಫಿಕ್ ನುಂಗುತ್ತೆ, ಬಿಡಿ.)

ನಿಜವಾಗಿ ಟೈಮ್ ಉಳಿಸೋದು ಬೇರೆ. ಕನ್ನಡ ಪೇಜ್ ಆದ್ರೆ ಲೋರೆಮ್ ಇಪ್ಸಮ್‌ನಂಥ ಡಮ್ಮಿ ಪಠ್ಯ ಬಿಟ್ಟು ಮೊದಲ ದಿನವೇ ಕನ್ನಡ ಅಂಟಿಸಿ. ‘ಸೈನ್ ಅಪ್’ಗೆ ಅಳೆದ ಬಟನ್‌ನಲ್ಲಿ ‘ನೋಂದಾಯಿಸಿಕೊಳ್ಳಿ’ ಹಿಡಿಯಲ್ಲ. ಸಾಲಿನ ಎತ್ತರ ಇಂಗ್ಲಿಷಿನಂತೆ 1.2 ಇಟ್ಟರೆ ‘ರಾಷ್ಟ್ರೀಯ’ದ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗೋಕೆ ಬರುತ್ತವೆ. ನೋಟೋ ಸಾನ್ಸ್ ಕನ್ನಡ ಫಾಂಟ್‌ಗೆ ನಾನಂತೂ 1.6ರಿಂದಲೇ ಶುರು ಮಾಡೋದು.

ಕ್ಲೈಂಟ್ ಹಳೇ ‘ನುಡಿ’ ಫಾಂಟಿನ ಫೈಲ್ ಕಳಿಸಿದ್ರೆ ಡಿಸೈನ್ ಮುಟ್ಟೋ ಮುಂಚೆ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಆಮೇಲೆ ‘ಸೂರ್ಯ’, ‘ಕಾರ್ಯ’ದಂಥ ಅರ್ಕಾವತ್ತಿನ ಪದಗಳನ್ನ ಹುಡುಕಿ ನೋಡಿ, ಕೆಲವು ಕನ್ವರ್ಟರ್‌ಗಳು ಎಡವೋದು ಅಲ್ಲೇ.