ಪೆಟ್ಟಿಗೆಯ ಮೇಲಿನ ಅಂಕಿ

ಮೊಮ್ಮಗಳಿಗೆ ದೂರದರ್ಶಕ ಕೊಡಿಸಲು ಹೋದಾಗ, ಅಗ್ಗದ ಪೆಟ್ಟಿಗೆಯೊಂದರ ಮೇಲೆ ‘525 ಪಟ್ಟು’ ಎಂದು ದಪ್ಪಕ್ಷರದಲ್ಲಿತ್ತು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಅಂಕಿ ಕಂಡರೆ ತಾಳೆ ನೋಡುವುದು ರೂಢಿ.

ಲೆಕ್ಕ ಸುಲಭ, ಮಕ್ಕಳೇ. ಮುಂದಿನ ಮಸೂರದ ಸಂಗಮ ದೂರವನ್ನು ಕಣ್ಣಿಡುವ ಮಸೂರದ ಸಂಗಮ ದೂರದಿಂದ ಭಾಗಿಸಿ. 700 ಮಿ.ಮೀ.ಯನ್ನು 25ರಿಂದ ಭಾಗಿಸಿದರೆ 28 ಪಟ್ಟು. ಆದರೆ ಮುಂದಿನ ಮಸೂರದ ಅಗಲ ಎಷ್ಟು ಮಿಲಿಮೀಟರೋ, ಹೆಚ್ಚೆಂದರೆ ಅದರ ಎರಡರಷ್ಟು ಪಟ್ಟು. ಅದನ್ನು ದಾಟಿದರೆ ಬರೀ ಮಸುಕು. ಆ ಪೆಟ್ಟಿಗೆಯದು 60 ಮಿ.ಮೀ., ಅಂದರೆ ಮಿತಿ 120! ನಾವು 70 ಮಿ.ಮೀ. ಅಗಲದ, ಗಟ್ಟಿ ಮುಕ್ಕಾಲಿಯದನ್ನು ಆರಿಸಿದೆವು.

ಜವಳಗೇರಾದ ನಮ್ಮ ಮಾಳಿಗೆಯ ಮೇಲಿಂದ 28 ಪಟ್ಟಿನಲ್ಲೇ ಗುರುಗ್ರಹ ನೋಡಿದೆವು. “ತಾತ, ಬಾಜೂಕ ನಾಕು ಚುಕ್ಕಿ ಸಾಲಾಗಿ ಅದಾವ!” ಎಂದಳು. 1610ರಲ್ಲಿ ಗೆಲಿಲಿಯೋ ಕಂಡ ಚಂದ್ರರೇ ಅವು. ಆತನ ದೂರದರ್ಶಕವೂ ಸುಮಾರು 20 ಪಟ್ಟಿನದೇ. ಮರುರಾತ್ರಿ ಚುಕ್ಕಿಗಳು ಜಾಗ ಬದಲಿಸಿದ್ದನ್ನು ಅವಳೇ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದಳು. ಕಾಲು ಅಲುಗಾಡಿ, ಮಸುಕೇ ಕಂಡಿದ್ದರೆ ಮಗು ಬೇಸತ್ತು ಆಕಾಶದ ಗೊಡವೆಯನ್ನೇ ಬಿಡುತ್ತಿತ್ತು.

ಅಜ್ಜ-ಅಜ್ಜಿಯರೇ, ಸೂರ್ಯನತ್ತ ಮಾತ್ರ ಅದನ್ನು ಎಂದೂ ತಿರುಗಿಸಗೊಡಬೇಡಿ; ಕ್ಷಣದಲ್ಲಿ ಕಣ್ಣು ಹೋದೀತು. ನೋಡಿದ ಮೇಲೆ ರಾತ್ರಿಯೇ ಎತ್ತಿ ಒಳಗಿಡಿ.