ಒಂದು ಉದ್ಯಾನ, ಎರಡು ಮೈದಾನ

ನನಗೆ ಫುಟ್‌ಬಾಲ್ ಗೊತ್ತಿಲ್ಲ. ಶಿರಸಿಯಲ್ಲಿ ನಾನು ಓದಿದ ಶಾಲೆಯಲ್ಲಿ ಕಬಡ್ಡಿ, ವಾಲಿಬಾಲ್ ಬಿಟ್ಟರೆ ಬೇರೆ ಆಟ ಇರಲಿಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದ ಮೇಲಂತೂ ಮೂವತ್ತಾರು ವರ್ಷ ಲೆಡ್ಜರಿನ ಅಂಕಿಗಳ ಜೊತೆಗೇ ನನ್ನ ಆಟ. ಅಂಥ ನಾನು 2025ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿರುವ ಮಗಳ ಮನೆಗೆ ಹೋಗಿ ಎರಡು ತಿಂಗಳು ಇದ್ದು ಬಂದೆ. ಆ ಊರಿನಲ್ಲಿ ಫುಟ್‌ಬಾಲಿನಿಂದ ತಪ್ಪಿಸಿಕೊಳ್ಳಲು ಯಾರಿಂದಲೂ ಸಾಧ್ಯವಿಲ್ಲ.

ಹೋದ ದಿನವೇ ಮೊಮ್ಮಕ್ಕಳ ಕೋಣೆ ನೋಡಿ ಬೆರಗಾದೆ. ಒಂದೇ ಕೋಣೆ, ಆದರೆ ಒಂದು ಗೋಡೆಗೆ ನೀಲಿ ಬಾವುಟ, ಎದುರು ಗೋಡೆಗೆ ಕೆಂಪು ಬಾವುಟ. ಹನ್ನೆರಡು ವರ್ಷದ ಮೊಮ್ಮಗಳು ಎವರ್ಟನ್ ಕ್ಲಬ್ಬಿನ ಪಕ್ಷ, ಒಂಬತ್ತು ವರ್ಷದ ಮೊಮ್ಮಗ ಲಿವರ್‌ಪೂಲ್ ಕ್ಲಬ್ಬಿನ ಪಕ್ಷ. ನಡುವೆ ನೆಲದ ಮೇಲೆ ಸೀಮೆಸುಣ್ಣದ ಗೆರೆ!

"ಇದೇನು ಮಾರಾಯ್ತಿ, ಒಂದೇ ಮನೆಯಲ್ಲಿ ಎರಡು ದೇಶ?" ಎಂದು ಮಗಳನ್ನು ಕೇಳಿದೆ.

"ಈ ಊರಿನಲ್ಲಿ ಹೀಗೇ ಅಪ್ಪ. ಅಪ್ಪ ಕೆಂಪು, ಮಗ ನೀಲಿ. ಅಕ್ಕ ನೀಲಿ, ತಮ್ಮ ಕೆಂಪು. ಬೇಕಾದಷ್ಟು ಮನೆಗಳಿವೆ" ಎಂದು ನಕ್ಕಳು.

ಒಂದೇ ಊರಿನ ಎರಡು ಕ್ಲಬ್ಬುಗಳ ಪಂದ್ಯಕ್ಕೆ ಅಲ್ಲಿ 'ಡರ್ಬಿ' ಎನ್ನುತ್ತಾರೆ. ನಮ್ಮೂರಿನ ಮೇಲಿನ ಕೇರಿ, ಕೆಳಗಿನ ಕೇರಿ ಕಬಡ್ಡಿ ಇದ್ದ ಹಾಗೆ ಎಂದುಕೊಳ್ಳಿ. ಇಂಗ್ಲೆಂಡಿನಲ್ಲಿ ಇಂಥ ಜೋಡಿಗಳು ಬಹಳ. ಮ್ಯಾಂಚೆಸ್ಟರಿನಲ್ಲಿ ಯುನೈಟೆಡ್ ಮತ್ತು ಸಿಟಿ. ನಾಟಿಂಗ್‌ಹ್ಯಾಮ್‌ನಲ್ಲಿ ಟ್ರೆಂಟ್ ನದಿಯ ಈ ದಡದಲ್ಲೊಂದು ಮೈದಾನ, ಆ ದಡದಲ್ಲೊಂದು. ಲಂಡನ್ನಿನ ಆರ್ಸೆನಲ್ ಕ್ಲಬ್ 1913ರಲ್ಲಿ ಥೇಮ್ಸ್ ನದಿಯ ದಕ್ಷಿಣದಿಂದ ಎದ್ದು ಬಂದು ಉತ್ತರದಲ್ಲಿ, ಟಾಟೆನ್‌ಹ್ಯಾಮ್ ಕ್ಲಬ್ಬಿನ ಮಗ್ಗುಲಿಗೇ ಬಿಡಾರ ಹೂಡಿತು. ಆ ಮುನಿಸು ಇನ್ನೂ ತಣ್ಣಗಾಗಿಲ್ಲ.

ಫೆಬ್ರವರಿ 12ರಂದು ನಡೆದ ಡರ್ಬಿಯ ಕಥೆಯನ್ನು ಇಬ್ಬರು ಮಕ್ಕಳೂ ನನಗೆ ಬೇರೆ ಬೇರೆಯಾಗಿ ಹೇಳಿದರು. ಎವರ್ಟನ್ನಿನ ಹಳೆಯ ಮೈದಾನ ಗುಡಿಸನ್ ಪಾರ್ಕಿನಲ್ಲಿ ಅದೇ ಕೊನೆಯ ಡರ್ಬಿ. ಲಿವರ್‌ಪೂಲ್ 2-1ರಿಂದ ಮುಂದಿತ್ತು. ಮೊಮ್ಮಗ ಟಿ.ವಿ. ಮುಂದೆ ಕುಣಿದು ಅಕ್ಕನನ್ನು ಅಣಕಿಸಿದ್ದೂ ಆಗಿತ್ತು. 90 ನಿಮಿಷ ಕಳೆದು, ಹೆಚ್ಚುವರಿ ಸಮಯವೂ ಓಡುತ್ತ, 98ನೆಯ ನಿಮಿಷದಲ್ಲಿ ಎವರ್ಟನ್ನಿನ ಟಾರ್ಕೋವ್‌ಸ್ಕಿ ಚೆಂಡನ್ನು ಬಲೆಗೆ ಬಾರಿಸಿಬಿಟ್ಟ. 2-2! ಗೆಲ್ಲದಿದ್ದರೂ ಅಕ್ಕ ಗೆದ್ದಂತೆ ಕುಣಿದಳು, ಸೋಲದಿದ್ದರೂ ತಮ್ಮ ಸೋತಂತೆ ಅತ್ತ. ಎರಡು ದಿನ ಇಬ್ಬರೂ ಮಾತು ಬಿಟ್ಟಿದ್ದರಂತೆ. ಮೂರನೆಯ ದಿನ ಗಣಿತದ ಲೆಕ್ಕ ಬಿಡಿಸಲು ಅಕ್ಕ ಬೇಕಾದಳು, ಅಲ್ಲಿಗೆ ರಾಜಿಯಾಯಿತು.

ನಾನು ನಕ್ಕೆ. ಆದರೆ ನಗು ಅರ್ಧಕ್ಕೇ ನಿಂತಿತು. ಶಿರಸಿಯಲ್ಲಿರುವ ನನ್ನ ಅಣ್ಣನೂ ನಾನೂ ಮಾತು ಬಿಟ್ಟು ಆಗ ಹನ್ನೊಂದು ವರ್ಷವಾಗಿತ್ತು. ಅಪ್ಪ ಬಿಟ್ಟುಹೋದ ಪೇಟೆಯ ಅಂಗಡಿ, ಅದರ ಬಾಡಿಗೆ ಯಾರಿಗೆ ಎಷ್ಟು ಎಂಬ ಲೆಕ್ಕ, ಅಷ್ಟೇ ಜಗಳ.

ಜೂನ್ ತಿಂಗಳ ಒಂದು ಶನಿವಾರ ಅಳಿಯ, "ಬನ್ನಿ ಮಾವ, ಎರಡೂ ಮೈದಾನ ತೋರಿಸುತ್ತೇನೆ. ಕಾರು ಬೇಡ, ನಡೆದೇ ಹೋಗಬಹುದು" ಎಂದರು. ನೀಲಿ ಅಂಗಿ, ಕೆಂಪು ಅಂಗಿ ತೊಟ್ಟ ಮಕ್ಕಳು ನನ್ನ ಒಂದೊಂದು ಕೈ ಹಿಡಿದರು.

ಮೊದಲು ಗುಡಿಸನ್ ಪಾರ್ಕ್. ಕೆಂಪು ಇಟ್ಟಿಗೆಯ ಸಾಲುಮನೆಗಳ ನಡುವೆ ಅಷ್ಟು ದೊಡ್ಡ ಕ್ರೀಡಾಂಗಣ ಹೇಗೆ ತೂರಿಕೊಂಡಿತೋ! ಒಂದು ಮೂಲೆಯಲ್ಲಂತೂ ಎರಡು ಸ್ಟ್ಯಾಂಡುಗಳ ನಡುವೆ ಚರ್ಚೇ ನಿಂತಿದೆ. ಹೊರಗೆ ಡಿಕ್ಸಿ ಡೀನ್ ಎಂಬ ಆಟಗಾರನ ಪ್ರತಿಮೆ. 1927-28ರ ಲೀಗ್ ಋತು ಒಂದರಲ್ಲೇ 60 ಗೋಲು ಹೊಡೆದವರು. ವಯಸ್ಸಾದ ಮೇಲೆ, 1980ರಲ್ಲಿ, ಇದೇ ಮೈದಾನದಲ್ಲಿ ಡರ್ಬಿ ನೋಡುತ್ತಿದ್ದಾಗಲೇ ಪ್ರಾಣ ಬಿಟ್ಟರು. ಎವರ್ಟನ್ನಿನ ಪುರುಷರ ತಂಡ ಮೇ ತಿಂಗಳಲ್ಲಿ ಇಲ್ಲಿ ಕೊನೆಯ ಪಂದ್ಯ ಆಡಿ, ಮರ್ಸಿ ನದಿಯ ಹಳೆಯ ಹಡಗುಕಟ್ಟೆಯಲ್ಲಿ ಕಟ್ಟಿದ ಹೊಸ ಕ್ರೀಡಾಂಗಣಕ್ಕೆ ಹೊರಟಿತ್ತು. ಇನ್ನು ಇಲ್ಲಿ ಆಡುವವರು ಮಹಿಳಾ ತಂಡದವರು. "ಒಳ್ಳೆಯದಾಯಿತು" ಎಂದಳು ಮೊಮ್ಮಗಳು.

ಮೊಮ್ಮಗಳು ಜೇಬಿನಿಂದ ಕಪ್ಪುಬಿಳಿ ಪಟ್ಟೆಯ ಪೆಪ್ಪರ್‌ಮಿಂಟ್ ತೆಗೆದು ಕೊಟ್ಟಳು. ಅದರ ಹೆಸರೇ ಎವರ್ಟನ್ ಮಿಂಟ್. ಹಿಂದೆ ಈ ಬೀದಿಗಳ ಮಿಠಾಯಿ ಅಂಗಡಿಗಳು ಬಹಳ ಹೆಸರುವಾಸಿ. ಹಾಗಾಗಿ ಎವರ್ಟನ್ ತಂಡಕ್ಕೆ 'ಟಾಫಿಗಳು' ಎಂದೇ ಅಡ್ಡಹೆಸರು. ಪಂದ್ಯಕ್ಕೆ ಮುಂಚೆ ಹಳೆಯ ಕಾಲದ ಉಡುಪು ತೊಟ್ಟ ಹುಡುಗಿಯೊಬ್ಬಳು ಜನರತ್ತ ಮಿಂಟು ಎಸೆಯುವ ಪದ್ಧತಿಯೂ ಇದೆ. ನಮ್ಮ ತೇರಿಗೆ ಬಾಳೆಹಣ್ಣು ಎಸೆಯುವುದು ನೆನಪಾಯಿತು.

ಅಲ್ಲಿಂದ ಸ್ಟ್ಯಾನ್ಲಿ ಪಾರ್ಕ್ ಎಂಬ ಉದ್ಯಾನ ದಾಟಿದರೆ ಲಿವರ್‌ಪೂಲಿನ ಆನ್‌ಫೀಲ್ಡ್. ಒಂದು ಮೈಲಿಯೂ ಇಲ್ಲ. ಹುಲ್ಲಿನ ನಡುವಿನ ದಾರಿಯಲ್ಲಿ ನಡೆಯುತ್ತ ಅಳಿಯ ಕಥೆ ಹೇಳಿದರು.

ಎವರ್ಟನ್ ಶುರುವಾಗಿದ್ದು 1878ರಲ್ಲಿ, ಚರ್ಚಿನ ಹುಡುಗರ ತಂಡವಾಗಿ. ಮೊದಲು ಆಡಿದ್ದು ಇದೇ ಉದ್ಯಾನದಲ್ಲಿ. 1884ರಲ್ಲಿ ಅವರು ಬಾಡಿಗೆಗೆ ಹಿಡಿದ ಮೈದಾನ ಯಾವುದು ಗೊತ್ತೆ? ಆನ್‌ಫೀಲ್ಡ್! 1891ರಲ್ಲಿ ಎವರ್ಟನ್ ಮೊದಲ ಬಾರಿ ಲೀಗ್ ಗೆದ್ದದ್ದೂ ಅಲ್ಲಿದ್ದಾಗಲೇ. ಜಾನ್ ಹೌಲ್ಡಿಂಗ್ ಎಂಬ ಬಿಯರ್ ವ್ಯಾಪಾರಿ ಕ್ಲಬ್ಬಿನ ಅಧ್ಯಕ್ಷರೂ ಹೌದು, ಆ ಜಾಗದ ಮಾಲೀಕರೂ ಹೌದು. ಕ್ಲಬ್ ಬೆಳೆದಂತೆ ಬಾಡಿಗೆಯೂ ಬೆಳೆಯಿತು. ವರ್ಷಕ್ಕೆ 100 ಪೌಂಡ್ ಇದ್ದದ್ದು 250ಕ್ಕೆ ಏರಿತು. ಮೈದಾನದಲ್ಲಿ ತಮ್ಮ ಬಿಯರೇ ಮಾರಬೇಕೆಂಬ ಪಟ್ಟು ಬೇರೆ. ಸದಸ್ಯರು ಒಪ್ಪಲಿಲ್ಲ. ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಜಾರ್ಜ್ ಮಾಹೊನ್ ಅವರ ಮುಂದಾಳತ್ವದಲ್ಲಿ 1892ರಲ್ಲಿ ಉದ್ಯಾನದ ಆಚೆಗೆ ಹೊರಟುಹೋಗಿ ಗುಡಿಸನ್ ಪಾರ್ಕ್ ಕಟ್ಟಿದರು.

ಹೌಲ್ಡಿಂಗ್ ಹತ್ತಿರ ಮೈದಾನ ಉಳಿಯಿತು, ಆಡುವವರಿಲ್ಲ. 'ಎವರ್ಟನ್' ಎಂಬ ಹೆಸರೂ ಹೋದವರ ಜೊತೆಗೇ ಹೋಯಿತು. ಅವರು ಹೊಸ ಕ್ಲಬ್ ಕಟ್ಟಿ ಇಟ್ಟ ಹೆಸರು ಲಿವರ್‌ಪೂಲ್. 1894ರ ಅಕ್ಟೋಬರಿನ ಮೊದಲ ಲೀಗ್ ಡರ್ಬಿಯಲ್ಲಿ ಎವರ್ಟನ್ 3-0ಯಿಂದ ಗೆದ್ದಿತು.

"ಇನ್ನೊಂದು ಗುಟ್ಟು. ಮೊದಲ ಕೆಲವು ವರ್ಷ ಲಿವರ್‌ಪೂಲ್ ತೊಡುತ್ತಿದ್ದದ್ದು ನೀಲಿ-ಬಿಳಿ ಅಂಗಿ. ಕೆಂಪು ಬಂದದ್ದು 1896ರಲ್ಲಿ" ಎಂದರು ಅಳಿಯ. ಮೊಮ್ಮಗ ತನ್ನ ಅಂಗಿಯನ್ನೇ ಒಮ್ಮೆ ಅನುಮಾನದಿಂದ ನೋಡಿಕೊಂಡ. ಮೊಮ್ಮಗಳು ಉದ್ಯಾನಕ್ಕೆಲ್ಲ ಕೇಳುವಂತೆ ನಕ್ಕಳು.

ನಾನು ಮಾತ್ರ ಬಾಡಿಗೆಯ ಲೆಕ್ಕದಲ್ಲೇ ನಿಂತಿದ್ದೆ. ಬ್ಯಾಂಕಿನಲ್ಲಿ ಕೂತವನಿಗೆ ಇಂಥ ಕಥೆ ಹೊಸದಲ್ಲ. ಎರಡೂ ಕಡೆಯವರು ತಮ್ಮ ಲೆಕ್ಕವೇ ಸರಿ ಎಂದು ಕಾಗದ ಹಿಡಿದು ಬರುತ್ತಾರೆ. ಬಹಳ ಸಲ ಎರಡೂ ಸರಿಯಿರುತ್ತವೆ.

ಆನ್‌ಫೀಲ್ಡಿನ ಒಂದು ಸ್ಟ್ಯಾಂಡಿಗೆ 'ಕಾಪ್' ಎಂದು ಹೆಸರು. 1900ರ ಜನವರಿಯಲ್ಲಿ ದಕ್ಷಿಣ ಆಫ್ರಿಕದ ಸ್ಪಿಯಾನ್ ಕಾಪ್ ಎಂಬ ಗುಡ್ಡದಲ್ಲಿ ನಡೆದ ಯುದ್ಧದಲ್ಲಿ ಈ ಸೀಮೆಯ ಅನೇಕ ಸೈನಿಕರು ಸತ್ತರು. ಅವರ ನೆನಪಿನ ಹೆಸರು ಅದು. ಮಕ್ಕಳೇ, ಆ ಗುಡ್ಡದಿಂದ ಗಾಯಾಳುಗಳನ್ನು ಡೋಲಿಯಲ್ಲಿ ಹೊತ್ತು ತಂದ ಭಾರತೀಯರ ತಂಡದ ಮುಖಂಡ ಯಾರು ಗೊತ್ತೆ? ನಮ್ಮ ಗಾಂಧೀಜಿ, ಆಗ ಮೂವತ್ತು ವರ್ಷದ ವಕೀಲರು. ಅಷ್ಟು ದೂರದ ಊರಿನಲ್ಲಿ ಅವರ ನೆನಪಾಗಿ ಮೈ ಜುಮ್ಮೆಂದಿತು.

ಅಲ್ಲೇ ಹತ್ತಿರ ಒಂದು ಸ್ಮಾರಕ. 97 ಹೆಸರುಗಳು. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೊ ಕ್ರೀಡಾಂಗಣಕ್ಕೆ ಪಂದ್ಯ ನೋಡಲು ಹೋಗಿ ನೂಕುನುಗ್ಗಲಿಗೆ ಸಿಕ್ಕಿ ತೀರಿಕೊಂಡ ಲಿವರ್‌ಪೂಲ್ ಅಭಿಮಾನಿಗಳು. ಅವರಲ್ಲಿ ಮಕ್ಕಳೂ ಇದ್ದರು. ನಾನು ಅಲ್ಲಿದ್ದಾಗಲೇ, ಜೂನ್ 4ರಂದು, ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 11 ಮಂದಿ ಹಾಗೆಯೇ ಹೋದ ಸುದ್ದಿ ಬಂದಿತ್ತು. ಕನ್ನಡಕ ತೆಗೆದು ಒರೆಸಿಕೊಂಡೆ.

ಆ ದುರಂತವಾದ ವಾರ ಏನಾಯಿತು ಎಂಬುದನ್ನು ಹೇಳಿದ್ದು ನನ್ನ ನೀಲಿ ಮೊಮ್ಮಗಳು. ಎರಡೂ ಕ್ಲಬ್ಬಿನವರು ತಮ್ಮ ಕೊರಳಿನ ಸ್ಕಾರ್ಫುಗಳನ್ನು ಒಂದಕ್ಕೊಂದು ಗಂಟುಹಾಕಿದರು. ಕೆಂಪು, ನೀಲಿ, ಕೆಂಪು, ನೀಲಿ. ಆ ಸರ ಈ ಉದ್ಯಾನ ದಾಟಿ ಒಂದು ಮೈದಾನದಿಂದ ಇನ್ನೊಂದು ಮೈದಾನಕ್ಕೆ ಮುಟ್ಟಿತು. 2012ರಲ್ಲಿ ಗುಡಿಸನ್ ಪಾರ್ಕಿನ ಪಂದ್ಯವೊಂದಕ್ಕೆ ಮುಂಚೆ ಇಬ್ಬರು ಮಕ್ಕಳು, ಒಬ್ಬರು ನೀಲಿ, ಒಬ್ಬರು ಕೆಂಪು, ಕೈಹಿಡಿದು ನಡೆದು ಬಂದರು. ಬೆನ್ನ ಮೇಲೆ ಒಬ್ಬರಿಗೆ 9, ಇನ್ನೊಬ್ಬರಿಗೆ 6. ಆಗ ಸತ್ತವರ ಲೆಕ್ಕ 96 ಇತ್ತು.

ಮರಳಿ ಉದ್ಯಾನದ ಬೆಂಚಿನಲ್ಲಿ ಕೂತೆವು. "ಹೌಲ್ಡಿಂಗ್ ಕಥೆ ಏನಾಯಿತು?" ಎಂದು ಕೇಳಿದೆ.

"ಮುಂದೆ ನಗರದ ಮೇಯರ್ ಆದರು. 1902ರಲ್ಲಿ ತೀರಿಕೊಂಡಾಗ ಶವಪೆಟ್ಟಿಗೆಗೆ ಎರಡೂ ಕ್ಲಬ್ಬಿನ ಆಟಗಾರರು ಹೆಗಲು ಕೊಟ್ಟರಂತೆ."

ಹೆಗಲು ಕೊಡುವುದು. ಆ ಮಾತು ನನಗೆ ಚುಚ್ಚಿತು. ಅಣ್ಣನಿಗೆ ಎಂಬತ್ತೊಂದು. ಆ ದಿನ ಬಂದರೆ ನಾನು ಹೆಗಲು ಕೊಡಲು ಓಡಿಹೋಗುತ್ತೇನೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅಲ್ಲಿಯವರೆಗೆ ಕಾಯುವುದು ಯಾವ ಲೆಕ್ಕ?

ಆಗ ಅಲ್ಲಿ ಮಧ್ಯಾಹ್ನ ಹನ್ನೆರಡು, ಊರಿನಲ್ಲಿ ಸಂಜೆ ನಾಲ್ಕೂವರೆ, ಅಣ್ಣ ಚಹಾ ಕುಡಿಯುವ ಹೊತ್ತು. ಮೊಮ್ಮಗಳ ಕೈಯಲ್ಲಿ ಫೋನು ಹಚ್ಚಿಸಿದೆ.

"ಯಾರು?"

"ಅಣ್ಣಾ, ನಾನು."

ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಫೋನು ಕಟ್ಟಾಯಿತೇನೋ ಎಂದುಕೊಂಡೆ. ಆಮೇಲೆ, "ತಮಾ, ಅಲ್ಲಿ ಚಳಿ ಉಂಟಾ? ಇಲ್ಲಿ ಮಳೆ ಬಿಡುತ್ತಿಲ್ಲ" ಎಂದ. ಅಷ್ಟೇ. ಮಳೆ, ಅಡಿಕೆ, ಕೊಳೆರೋಗ ಎಂದು ಹತ್ತು ನಿಮಿಷ ಮಾತಾಡಿದೆವು. ಬಾಡಿಗೆಯ ಸುದ್ದಿ ಇಬ್ಬರೂ ಎತ್ತಲಿಲ್ಲ.

ಊರಿಗೆ ಬಂದ ಮೇಲೆ ಒಂದು ಪೊಟ್ಟಣ ಎವರ್ಟನ್ ಮಿಂಟ್ ಹಿಡಿದು ಅವನ ಮನೆಗೆ ಹೋದೆ. ಸಕ್ಕರೆ ಕಾಯಿಲೆಯವನು, ಅತ್ತಿಗೆ ಕಾಣದಂತೆ ಎರಡು ಬಾಯಿಗೆ ಹಾಕಿಕೊಂಡ. ಅಂಗಡಿಯ ಲೆಕ್ಕ ಇನ್ನೂ ಮುಗಿದಿಲ್ಲ. ಅವನು ಅವನ ಪಟ್ಟು ಬಿಟ್ಟಿಲ್ಲ, ನಾನು ನನ್ನದು. ಆದರೆ ಈಗ ಒಂದೇ ಮೇಜಿನ ಎದುರುಬದುರು ಕೂತು ಜಗಳವಾಡುತ್ತೇವೆ, ನಡುವೆ ಅತ್ತಿಗೆ ಚಹಾ ತಂದಿಡುತ್ತಾರೆ.

ಲಿವರ್‌ಪೂಲಿನ ಕೋಣೆಯಲ್ಲಿ ಸೀಮೆಸುಣ್ಣದ ಗೆರೆ ಇನ್ನೂ ಇದೆಯಂತೆ. ಇರಲಿ. ಗಣಿತದ ಪುಸ್ತಕ ಹಿಡಿದು ತಮ್ಮ ಅದನ್ನು ದಿನಾ ದಾಟುತ್ತಾನೆ ಎಂದು ಮಗಳು ಹೇಳಿದಳು.